ರೂಪಾಯಿಗೆ ಆರಾಣೆ ನೆಂಟಸ್ತನ

ಭೀಮಸಮುದ್ರದವರಿಗೆ ಉಗುಳುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಚಿತ್ರದುರ್ಗ ತಾಲ್ಲೂಕಿನ ನಮ್ಮೂರಿನ ಹೆಸರು ಹೊರಗಿನವರ ಕಿವಿಗೆ ಬೀಳುವುದೇ ಅಡಿಕೆಯಿಂದ. ಪತ್ರಿಕೆಯ ವಾಣಿಜ್ಯ ಪುಟದ ಮೂಲೆಯಲ್ಲಿ ಶಿವಮೊಗ್ಗ, ಚನ್ನಗಿರಿ, ಸಿರಸಿಗಳ ಸಾಲಿನಲ್ಲಿ ಭೀಮಸಮುದ್ರವೂ ನಿಂತಿರುತ್ತದೆ. ಪಕ್ಕದಲ್ಲಿ ರಾಶಿ, ಬೆಟ್ಟೆ, ಅಪಿ, ಕೆಂಪುಗೋಟುಗಳ ಧಾರಣೆ. ದೊಡ್ಡ ಕೆರೆ, ಏರಿ ಕೆಳಗೆ ತೋಟ, ಊರೊಳಗೆ ಮಂಡಿ, ರಸ್ತೆಯಲ್ಲಿ ಅದಿರು ಲಾರಿಯ ಕೆಂದೂಳು. ಮಂಡಿಯ ಗಾದಿ ಮೇಲೆ ಕೂತವರು ಮಾತಿಗೆ ಮೊದಲು ಎಲೆಗೆ ಸುಣ್ಣ ಸವರುತ್ತಾರೆ, ಮಾತಿನ ಮಧ್ಯೆ ಎದ್ದು ಬಾಗಿಲಾಚೆ ಹೋಗಿ ಬರುತ್ತಾರೆ, ಬಂದವರು ಬಿಟ್ಟ ಪದದಿಂದಲೇ ಮಾತು ಮುಂದುವರಿಸುತ್ತಾರೆ.

ಅಂಥ ಊರಿನಲ್ಲಿ ಹುಟ್ಟಿ, ಅದೇ ಊರಿಗೆ ಸೊಸೆಯಾಗಿ, ಅಲ್ಲೇ ತಲೆ ನರೆತ ನನ್ನ ಅಮ್ಮ ನ್ಯೂಜೆರ್ಸಿಯ ನಮ್ಮ ಅಡುಗೆಮನೆಯ ಮೇಜಿನ ಮುಂದೆ ಕೂತು, ಬೆರಳುದ್ದದ ಪ್ಲಾಸ್ಟಿಕ್ ನಳಿಗೆಗೆ ಉಗುಳಲಾರದೆ ಒದ್ದಾಡುತ್ತಿದ್ದಳು.

ಮಾಡಿದ್ದೆಲ್ಲ ನನ್ನ ಮಗಳು. ಕಾಲೇಜಿನಲ್ಲಿ ಜೀವಶಾಸ್ತ್ರ ಓದುತ್ತಾಳೆ, ಥ್ಯಾಂಕ್ಸ್‌ಗಿವಿಂಗ್ ರಿಯಾಯಿತಿಯಲ್ಲಿ ಡಿಎನ್‌ಎ ಪರೀಕ್ಷೆಯ ಡಬ್ಬಿಗಳನ್ನು ತರಿಸಿದ್ದಳು. 2007ರಲ್ಲಿ 23ಆಂಡ್‌ಮಿ ಕಂಪನಿ ಇಂಥದ್ದನ್ನು ಮನೆಮನೆಗೆ ಮಾರಲು ಹೊರಟಾಗ ಬೆಲೆ 999 ಡಾಲರ್ ಇತ್ತು. ಐದೇ ವರ್ಷದಲ್ಲಿ 99ಕ್ಕೆ ಇಳಿಯಿತು. ಈಗ ಹಬ್ಬದ ದಿನಗಳಲ್ಲಿ ಅದಕ್ಕಿಂತಲೂ ಸೋವಿ. ಸೋವಿ ಎಂದ ಮೇಲೆ ಅಮೆರಿಕದ ಕನ್ನಡಿಗರ ಮನೆಗೆ ಒಂದು ಡಬ್ಬಿ ಬರುವುದುಂಟೆ? ನಾಲ್ಕು ಬಂದವು.

ಡಬ್ಬಿಯೊಳಗಿನ ಚೀಟಿಯಲ್ಲಿ ಒಂದು ಷರತ್ತು ಇತ್ತು. ಉಗುಳುವುದಕ್ಕೆ ಮೊದಲು ಅರ್ಧ ಗಂಟೆ ಏನೂ ತಿನ್ನಬಾರದು, ಕುಡಿಯಬಾರದು, ಅಗಿಯಬಾರದು. ಅಮ್ಮ ತಲೆಯಾಡಿಸಿದಳು. ಎಲೆ-ಅಡಿಕೆ ಈ ಲೆಕ್ಕಕ್ಕೆ ಬರುವುದಿಲ್ಲವೆಂದು ಮನಸ್ಸಿನಲ್ಲೇ ತೀರ್ಮಾನಿಸಿಕೊಂಡಿದ್ದಳೆಂಬುದು ನಳಿಗೆ ಕೆಂಪಾದ ಮೇಲೆ ಗೊತ್ತಾಯಿತು. ಅದನ್ನು ಚೆಲ್ಲಿ ಇನ್ನೊಂದು ಡಬ್ಬಿ ಒಡೆದೆವು. ಬಾಯಿ ಮುಕ್ಕಳಿಸಿಸಿ, ಎಲೆಚೀಲವನ್ನು ಫ್ರಿಜ್ಜಿನ ನೆತ್ತಿಯ ಮೇಲಿಟ್ಟು, ಮೊಮ್ಮಗಳು ಫೋನಿನಲ್ಲಿ ಅರ್ಧ ಗಂಟೆಯ ಅಲಾರಾಂ ಇಟ್ಟಳು.

“ಗ್ರಹಣದಾಗೂ ಇಷ್ಟು ಕಟ್ಟುನಿಟ್ಟು ಇರಲಿಲ್ಲ ಕಣೆ” ಎಂದಳು ಅಮ್ಮ. ಅಲಾರಾಂ ಹೊಡೆಯುವ ಹೊತ್ತಿಗೆ ಬಾಯಿ ಪೂರ್ತಿ ಒಣಗಿತ್ತು. ಅಡಿಕೆ ಇಲ್ಲದ ಬಾಯಲ್ಲಿ ನೀರಾದರೂ ಎಲ್ಲಿಂದ ಬರಬೇಕು? ನಳಿಗೆಯ ಮೇಲೊಂದು ಗೆರೆ, ಆ ಗೆರೆಯವರೆಗೆ ತುಂಬಬೇಕು, ನೊರೆ ಲೆಕ್ಕಕ್ಕಿಲ್ಲ. “ಅಜ್ಜಿ, ಹುಣಸೆಹಣ್ಣು ನೆನಪಿಸಿಕೋ” ಎಂದು ಮೊಮ್ಮಗಳು ಕೆನ್ನೆ ತಿಕ್ಕಿದಳು. ಅಮ್ಮ ಕಣ್ಣು ಮುಚ್ಚಿಕೊಂಡು ಯಾವುದೋ ಮಾವಿನಕಾಯಿ, ಯಾವುದೋ ಉಪ್ಪು-ಖಾರ ನೆನೆದುಕೊಂಡಿರಬೇಕು, ಅಂತೂ ಗೆರೆ ಮುಟ್ಟಿತು. ಮುಚ್ಚಳ ತಿರುಗಿಸಿದಾಗ ಅದರೊಳಗಿನ ನೀಲಿ ದ್ರವ ಉಗುಳಿಗೆ ಇಳಿಯಿತು. “ಇದೇನೇ, ಬಿಳಿ ಬಟ್ಟೆಗೆ ಹಾಕೋ ನೀಲಿ?” ಎಂದು ಕೇಳಿದವಳು ಉತ್ತರಕ್ಕೂ ಕಾಯದೆ ಎಲೆಚೀಲಕ್ಕೆ ಕೈ ಚಾಚಿದಳು.

ಕಂಪನಿಯವರು ಈ ಉಗುಳನ್ನು ರಾಮಾಯಣದಂತೆ ಮೊದಲಿನಿಂದ ಕೊನೆಯವರೆಗೆ ಓದುತ್ತಾರೆಂದು ತಿಳಿಯಬೇಡಿ. ಮುನ್ನೂರು ಕೋಟಿ ಅಕ್ಷರಗಳ ಗ್ರಂಥದಲ್ಲಿ ಆರೇಳು ಲಕ್ಷ ಅಕ್ಷರಗಳನ್ನು ಮಾತ್ರ ಅಲ್ಲಲ್ಲಿ ಹೆಕ್ಕಿ ನೋಡುತ್ತಾರೆ, ಮನುಷ್ಯರು ಒಬ್ಬರಿಂದೊಬ್ಬರು ಬೇರೆಯಾಗುವ ಜಾಗಗಳನ್ನು. ಆಮೇಲೆ ತಮ್ಮಲ್ಲಿರುವ ಮಾದರಿ ಜನರೊಂದಿಗೆ ಹೋಲಿಸುತ್ತಾರೆ. ‘ನಮ್ಮ ಅಜ್ಜ-ಮುತ್ತಜ್ಜರೆಲ್ಲ ಇದೇ ಸೀಮೆಯವರು’ ಎಂದು ಬರೆದುಕೊಟ್ಟವರೇ ಆ ಮಾದರಿ ಜನ. ಐರ್ಲೆಂಡಿನವರು ರಾಶಿ ರಾಶಿ ಉಗುಳು ಕೊಟ್ಟಿದ್ದಾರೆ, ಹಾಗಾಗಿ ಅವರಿಗೆ ಜಿಲ್ಲೆ ಜಿಲ್ಲೆಯ ಲೆಕ್ಕ ಸಿಗುತ್ತದೆ. ನಮ್ಮ ಕಡೆಯವರು ಕೊಟ್ಟದ್ದು ಕಡಿಮೆ. ಆರಂಭದ ವರ್ಷಗಳಲ್ಲಿ ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ಎಲ್ಲರಿಗೂ ‘ದಕ್ಷಿಣ ಏಷ್ಯಾ’ ಎಂಬ ಒಂದೇ ಮುದ್ರೆ ಬೀಳುತ್ತಿತ್ತು. ಈಗ ಸ್ವಲ್ಪ ನಾಜೂಕಾಗಿದ್ದಾರೆ.

ಆರು ವಾರ ಕಾದ ಮೇಲೆ ಅಮ್ಮನ ಫಲಿತಾಂಶ ಬಂತು. ಭೂಪಟದ ಮೇಲೆ ಭಾರತದ ಕೆಳಗಿನ ಅರ್ಧಕ್ಕೆ ಬಣ್ಣ ಬಳಿದು ಶೇಕಡಾ 100 ಎಂದು ಬರೆದಿತ್ತು.

“ಇದನ್ನ ಕೇಳಿದ್ದಿದ್ರೆ ನಾನೇ ಹೇಳ್ತಿದ್ನಲ್ಲೇ” ಎಂದಳು ಅಮ್ಮ. “ಒಂದು ಲೋಟ ಕಾಫಿ ಕೊಟ್ಟಿದ್ರೆ ಸಾಕಿತ್ತು.”

ನಮ್ಮವರದು ಮಾತ್ರ ಬೇರೆಯೇ ಕಥೆ. ಅವರು ಹೊಸದುರ್ಗದ ಕಡೆಯವರು. ಕೆಲವು ವರ್ಷಗಳ ಹಿಂದೆಯೇ ಆಫೀಸಿನ ಗೆಳೆಯರ ಮಾತು ಕೇಳಿ ಉಗುಳಿ ಕೂತಿದ್ದರು. ಅವರಿಗೆ ಶೇಕಡಾ 2 ಮಧ್ಯ ಏಷ್ಯಾ ಎಂದು ಬಂತು. ಆ ಎರಡು ಪರ್ಸೆಂಟು ಮನೆಯಲ್ಲಿ ಮಾಡಿದ ಉಪದ್ರವ ಅಷ್ಟಿಷ್ಟಲ್ಲ. ಕುದುರೆ ಸವಾರಿಯ ಸಾಕ್ಷ್ಯಚಿತ್ರಗಳು ಶುರುವಾದವು. ಮೀಸೆ ಇಳಿಯಿತು. ಒಣ ಜರ್ದಾಳು ಹಣ್ಣು ಡಬ್ಬಿಗಟ್ಟಲೆ ಬಂತು. ಕನ್ನಡ ಕೂಟದ ಯುಗಾದಿ ಊಟದಲ್ಲಿ ಪಕ್ಕದ ಎಲೆಯವರಿಗೆ ಸಮರ್ಕಂಡದ ಕಥೆ ಹೇಳುತ್ತ ಒಬ್ಬಟ್ಟಿನ ಮೇಲೆ ತುಪ್ಪ ಹಾಕಿಸಿಕೊಳ್ಳುವುದನ್ನೇ ಮರೆತರು. ಮಾರನೇ ವರ್ಷ ಕಂಪನಿಯವರು ಲೆಕ್ಕ ಪರಿಷ್ಕರಿಸಿದರು. ಮಾದರಿ ಜನ ಹೆಚ್ಚಾದಂತೆ ಶೇಕಡಾವಾರು ಬದಲಾಗುವುದು ಈ ವ್ಯವಹಾರದಲ್ಲಿ ಮಾಮೂಲು. ನಮ್ಮವರ ಮಧ್ಯ ಏಷ್ಯಾ ರಾತ್ರೋರಾತ್ರಿ ಮಾಯವಾಗಿ ಅವರು ಪೂರ್ತಿ ನೂರಕ್ಕೆ ನೂರು ಹೊಸದುರ್ಗವಾಗಿಬಿಟ್ಟರು. ಜರ್ದಾಳು ಇನ್ನೂ ಮುಗಿದಿಲ್ಲ.

ಭೂಪಟ ಮುಗಿದ ಮೇಲೆ ಮಗಳು ಮರ ಬರೆಯಲು ಕೂತಳು. ಕಂಪನಿಯ ಪುಟದಲ್ಲಿ ಖಾಲಿ ಚೌಕಗಳಿರುತ್ತವೆ, ಹೆಸರು, ಹುಟ್ಟಿದ ದಿನ, ಊರು ತುಂಬುತ್ತ ಹೋಗಬೇಕು. ಹುಟ್ಟಿದ ದಿನ! ನಮ್ಮ ಹಿರಿಯರಲ್ಲಿ ಶಾಲೆ ಮೆಟ್ಟಿಲು ಹತ್ತಿದವರೆಲ್ಲ ಜೂನ್ ಒಂದರಂದು ಹುಟ್ಟಿದವರು, ಹತ್ತದವರು ಹುಟ್ಟಿಯೇ ಇಲ್ಲ. ನಮ್ಮವರ ಅಜ್ಜಿಯ ವಿಷಯ ಕೇಳಿದಾಗ ಹೊಸದುರ್ಗದಿಂದ ಬಂದ ಉತ್ತರ: “ಮಾರಿಕಣಿವೆ ಕೋಡಿ ಬಿದ್ದ ವರ್ಷ.” ಮಗಳು ಅಪ್ಪನ ಮುಖ ನೋಡಿದಳು. ಆದರೆ ಇದಕ್ಕಿಂತ ಖಚಿತ ದಾಖಲೆ ಬೇಕೆ? ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಕಟ್ಟಿ ಮುಗಿಸಿದ ಮಾರಿಕಣಿವೆಯ ವಾಣಿ ವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ 89 ವರ್ಷ ಬೀಳಲಿಲ್ಲ. ಹಿರಿಯೂರು, ಹೊಸದುರ್ಗದ ಮೂರು ತಲೆಮಾರಿಗೆ ಅದೊಂದೇ ಪಂಚಾಂಗ. ಚೌಕದಲ್ಲಿ 1933 ಎಂದು ತುಂಬಿದೆವು. 2022ರಲ್ಲಿ ಕೋಡಿ ಬಿತ್ತು, 2025ರಲ್ಲಿ ಮತ್ತೆ ಬಿತ್ತು. ಊರಿಗೆಲ್ಲ ಸಂತೋಷ, ವಂಶಾವಳಿಗೆ ಮಾತ್ರ ದೊಡ್ಡ ತೊಂದರೆ. ಇನ್ನು ಮುಂದೆ ಯಾವ ಕೋಡಿ ಎಂದು ಬಿಡಿಸಿ ಹೇಳಬೇಕು.

ನಮ್ಮ ಭೀಮಸಮುದ್ರದ ಕಡೆಯ ಮರ ಇಷ್ಟು ಸುಲಭಕ್ಕೆ ಬಗ್ಗಲಿಲ್ಲ. ಮೊದಲು, ಒಂದೇ ಹೆಸರಿನ ಮೂವರು. ನಮ್ಮಲ್ಲಿ ಅಜ್ಜನ ಹೆಸರು ಮೊಮ್ಮಗನಿಗೆ ಇಡುತ್ತಾರಷ್ಟೆ. ಊರಿನವರಿಗೆ ಗೊಂದಲವಿಲ್ಲ. ಮಂಡಿಯಜ್ಜ, ಕುಂಟಜ್ಜ, ಮದರಾಸಿಗೆ ಓಡಿಹೋದಜ್ಜ ಎಂದರೆ ಮುಗಿಯಿತು. ಕಂಪ್ಯೂಟರಿಗೆ ಮೂವರೂ ಒಬ್ಬರೇ. ‘ಇವರನ್ನು ಸೇರಿಸಲೇ?’ ಎಂದು ಪದೇ ಪದೇ ಕೇಳುತ್ತಿತ್ತು. ಸೇರಿಸಿದರೆ ಅಜ್ಜ ತನಗೆ ತಾನೇ ಮೊಮ್ಮಗನಾಗುತ್ತಿದ್ದ.

ಎರಡನೆಯದು ನನ್ನ ಅಪ್ಪ-ಅಮ್ಮ. ಅಮ್ಮ ಮದುವೆಯಾದದ್ದು ತನ್ನ ಸೋದರಮಾವನನ್ನು. ಅಪ್ಪನ ಅಕ್ಕನ ಮಗಳೇ ಅಮ್ಮ. ಹೀಗಾಗಿ ನನ್ನ ಅಜ್ಜಿ ನನಗೆ ಸೋದರತ್ತೆಯೂ ಹೌದು, ಮಂಡಿಯಜ್ಜ ನನಗೆ ಅಜ್ಜನೂ ಹೌದು, ಮುತ್ತಜ್ಜನೂ ಹೌದು. ಅಮ್ಮ ಇವತ್ತಿಗೂ ಅಪ್ಪನ ಫೋಟೋದ ಮುಂದೆ ಸಿಟ್ಟು ಬಂದಾಗ “ಮಾವ” ಎಂದೇ ಜಗಳ ತೆಗೆಯುತ್ತಾಳೆ. ಮಗಳು ಗೆರೆ ಎಳೆದಂತೆಲ್ಲ ಮರದ ಕೊಂಬೆ ಕೆಳಗೆ ಬಾಗಿ ಮತ್ತೆ ಅದೇ ಬುಡಕ್ಕೆ ನೆಟ್ಟುಕೊಳ್ಳುತ್ತಿತ್ತು. ಅಮೆರಿಕದಲ್ಲಿ ಓಕ್ ಮರ ನೋಡಿ ಮಾಡಿದ ಪುಟದಲ್ಲಿ ನಮ್ಮದು ಆಲದ ಮರ. ಕೆಂಪು ಅಕ್ಷರದ ಎಚ್ಚರಿಕೆ ಬಂತು.

“ಅಮ್ಮಾ, ಇದು ಕಾನೂನುಬಾಹಿರ ಅಲ್ವಾ?” ಎಂದಳು ಮಗಳು. ಅವಳಿರುವ ಕಡೆ ಹೌದು. 1955ರ ಹಿಂದೂ ವಿವಾಹ ಕಾಯ್ದೆಯ ನಿಷಿದ್ಧ ಸಂಬಂಧಗಳ ಪಟ್ಟಿಯಲ್ಲೂ ಮಾವ-ಸೊಸೆಯ ಈ ನೆಂಟಸ್ತನ ಇದೆ. ಆದರೆ ಅದೇ ಕಾಯ್ದೆ ‘ರೂಢಿ ಇದ್ದರೆ ಅಡ್ಡಿಯಿಲ್ಲ’ ಎಂದು ಹಿತ್ತಲ ಬಾಗಿಲನ್ನೂ ಇಟ್ಟಿದೆ. ನಮ್ಮ ಸೀಮೆಯಲ್ಲಿ ಆ ಬಾಗಿಲಿನಿಂದಲೇ ಎಷ್ಟೋ ದಿಬ್ಬಣಗಳು ಹೋಗಿವೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲೂ ಕರ್ನಾಟಕದ ಮದುವೆಗಳಲ್ಲಿ ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು ರಕ್ತಸಂಬಂಧದೊಳಗೇ ಆದವು. ಕಾರಣವನ್ನು ಅಮ್ಮ ಮುಚ್ಚಿಡಲಿಲ್ಲ. “ಏರಿ ಕೆಳಗಿನ ತೋಟ ಮನೆ ಬಿಟ್ಟು ಹೋಗಬಾರದು ಅಂತ” ಎಂದಳು. ಪ್ರೀತಿ ಗೀತಿ ಏನಾದರೂ ಇತ್ತೇ ಎಂದು ಮೊಮ್ಮಗಳು ಕೇಳಿದ್ದಕ್ಕೆ, “ತೋಟ ಚೆನ್ನಾಗಿತ್ತು” ಎಂದಳು.

ನಿಜವಾದ ಸ್ಫೋಟ ಆದದ್ದು ಇದಾದ ಮೇಲೆ. ಒಂದು ರಾತ್ರಿ ಮಗಳು ನನ್ನ ಕೋಣೆಗೆ ಬಂದು ಬಾಗಿಲು ಹಾಕಿದಳು. ಮುಖ ಸಪ್ಪಗಿತ್ತು.

“ಅಮ್ಮಾ, ಹೇಗೆ ಹೇಳೋದು ಗೊತ್ತಾಗ್ತಿಲ್ಲ. ಅಜ್ಜನಿಗೆ ಇನ್ನೊಂದು ಸಂಸಾರ ಇತ್ತಾ?”

ಪರೀಕ್ಷೆ ಮಾಡಿಸಿದವರಲ್ಲಿ ಯಾರ ಡಿಎನ್‌ಎ ಯಾರಿಗೆ ಎಷ್ಟು ಕೂಡುತ್ತದೆಂದು ಕಂಪನಿ ಪಟ್ಟಿ ಕೊಡುತ್ತದೆ. ನನ್ನ ಪಟ್ಟಿಯಲ್ಲಿ ಅಮ್ಮ, ಮಗಳನ್ನು ಬಿಟ್ಟರೆ ಮೇಲೆ ನಿಂತಿದ್ದವನು ಮೆಲ್ಬರ್ನಿನಲ್ಲಿರುವ ಒಬ್ಬ. ನೆಂಟಸ್ತನ: ಮಲಸಹೋದರ. ಅಮೆರಿಕದಲ್ಲಿ ಈ ಪಟ್ಟಿ ನೋಡಿ ಒಡೆದ ಸಂಸಾರಗಳೆಷ್ಟೋ. ಅಪ್ಪ ಅಪ್ಪನಲ್ಲ, ಅಣ್ಣ ಅಣ್ಣನಲ್ಲ ಎಂದು ಕ್ರಿಸ್‌ಮಸ್ ಮರದ ಕೆಳಗೇ ಗೊತ್ತಾದವರಿದ್ದಾರೆ. ಮಗಳು ಅದನ್ನೆಲ್ಲ ಓದಿದವಳು. ಎರಡು ರಾತ್ರಿ ನಿದ್ದೆ ಮಾಡಿರಲಿಲ್ಲವಂತೆ, ಪಾಪ.

ನಾನು ಹೆಸರು ನೋಡಿದೆ. ನಗು ತಡೆಯಲಾಗಲಿಲ್ಲ. ಅವನು ನಮ್ಮ ಚಿಕ್ಕಮ್ಮನ ಮಗ. ಅಮ್ಮನ ಖಾಸಾ ತಂಗಿಯನ್ನು ಅಪ್ಪನ ಖಾಸಾ ತಮ್ಮನಿಗೇ ಕೊಟ್ಟಿದ್ದರು, ಅದೂ ಒಂದೇ ಚಪ್ಪರದಲ್ಲಿ. ಅವಳೂ ಸೋದರಮಾವನನ್ನೇ ಕಟ್ಟಿಕೊಂಡವಳು. ಹುಟ್ಟಿದಾಗಿನಿಂದ ನಾನು ಅವನನ್ನು ತಮ್ಮ ಎಂದೇ ಕರೆದಿದ್ದೇನೆ. ಕಂಪ್ಯೂಟರ್ ಈಗ ಅನುಮಾನದಿಂದ ಪಿಸುಗುಟ್ಟುತ್ತಿರುವುದನ್ನು ನಾವು ನಾಮಕರಣದ ದಿನವೇ ಮೈಕಿನಲ್ಲಿ ಕೂಗಿದ್ದೆವು.

ಇದನ್ನು ಊರಿನ ದೊಡ್ಡಪ್ಪನಿಗೆ ವಾಟ್ಸಾಪಿನಲ್ಲಿ ಹೇಳಿದಾಗ ಅವರಿಗೆ ನಗುವಿಗಿಂತ ಲೆಕ್ಕದಲ್ಲಿ ಆಸಕ್ತಿ ಹುಟ್ಟಿತು. ಆಯುಷ್ಯವೆಲ್ಲ ಮಂಡಿಯಲ್ಲಿ ಕಳೆದವರು. ಮಗಳು ಶೇಕಡಾವಾರು ಹೇಳುತ್ತ ಹೋದಳು, ದೊಡ್ಡಪ್ಪ ಆಣೆಗೆ ಇಳಿಸುತ್ತ ಬಂದರು.

“ಒಂದೇ ಹೊಟ್ಟೇಲಿ ಹುಟ್ಟಿದೋರು ರೂಪಾಯಿಗೆ ಎಂಟಾಣೆ. ಸರಿನಾ? ಅಪ್ಪ ಒಬ್ಬ, ತಾಯಿ ಬ್ಯಾರೆ ಆದ್ರೆ ನಾಕಾಣೆ. ಬರೀ ಅಣ್ತಮ್ಮಂದಿರ ಮಕ್ಕಳಾದ್ರೆ ಎರಡಾಣೆ. ಈಗ ನಿಮ್ಮಮ್ಮಂದು, ಮೆಲ್ಬರ್ನ್ ಹುಡುಗಂದು ತಗಾ. ಅಪ್ಪಂದಿರು ಅಣ್ತಮ್ಮಂದಿರು, ಅದ್ರಿಂದ ಎರಡಾಣೆ. ಅಮ್ಮಂದಿರು ಅಕ್ಕತಂಗೇರು, ಇನ್ನೆರಡು. ಇವಳಪ್ಪ ಅವನಮ್ಮಂಗೆ ಮಾವ, ಒಂದಾಣೆ. ಅವನಪ್ಪ ಇವಳಮ್ಮಂಗೆ ಮಾವ, ಇನ್ನೊಂದಾಣೆ. ಒಟ್ಟು ಆರಾಣೆ. ಮಲಸಹೋದರ ಅಂದ್ರೆ ಬರೀ ನಾಕಾಣೆ ಆಯ್ತು. ನಿಮ್ಮ ಕಂಪನಿಯೋನು ಎರಡಾಣೆ ತೂಕದಾಗೆ ಹೊಡೆದವ್ನೆ ನೋಡವ್ವ!”

ಮಗಳು ಕಾಗದದ ಮೇಲೆ ಭಿನ್ನರಾಶಿಗಳನ್ನು ಕೂಡಿಸಿ ನೋಡಿದಳು. ಎಂಟನೇ ಮೂರು. ಆರಾಣೆ. ತಪ್ಪಿಲ್ಲ. ಅದಾದ ಮೇಲೆ ಅವಳು ದೊಡ್ಡಜ್ಜನೊಂದಿಗೆ ಮಾತಾಡುವ ದನಿಯೇ ಬದಲಾಯಿತು. ಕಾಲೇಜಿನ ಪ್ರೊಫೆಸರರ ಜೊತೆ ಮಾತಾಡುವಂತೆ.

ಆಣೆ ಲೆಕ್ಕದ ಕಹಿ ಮುಖವನ್ನೂ ಅವಳೇ ಹೇಳಿದಳು. ಮಾವ-ಸೊಸೆಯ ಮಗುವಿಗೆ ರೂಪಾಯಿಗೆ ಎರಡಾಣೆಯಷ್ಟು ಜಾಗದಲ್ಲಿ ತಾಯಿ ಕೊಟ್ಟ ಪ್ರತಿಯೂ ತಂದೆ ಕೊಟ್ಟ ಪ್ರತಿಯೂ ಒಂದೇ ಮೂಲದ್ದಾಗಿರುತ್ತವೆ. ಆ ಜಾಗದಲ್ಲಿ ದೋಷವೊಂದು ಅಡಗಿದ್ದರೆ ಮುಚ್ಚಿಹಾಕಲು ಇನ್ನೊಂದು ಒಳ್ಳೆಯ ಪ್ರತಿ ಇರುವುದಿಲ್ಲ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, ನನಗಿಂತ ಮೊದಲು ಹುಟ್ಟಿ ಉಳಿಯದೆ ಹೋದ ಕೂಸಿನ ಮಾತೆತ್ತಿದಳು. “ದೃಷ್ಟಿ ಅಂದ್ರು, ಹರಕೆ ಬಾಕಿ ಅಂದ್ರು” ಎಂದಳು. ಅದು ಇದರಿಂದಲೇ ಆಯಿತೆಂದು ಯಾವ ಉಗುಳೂ ಈಗ ಹೇಳಲಾರದು. ಮಗಳು ಆ ಮಾತನ್ನು ಬೆಳೆಸಲಿಲ್ಲ.

ಮೆಲ್ಬರ್ನಿನ ತಮ್ಮನ ಕೆಳಗೆ ಪಟ್ಟಿ ಇನ್ನೂ ಉದ್ದಕ್ಕಿತ್ತು. ಗುರುತೇ ಇಲ್ಲದ ನೂರಾರು ಜನ ನಾಲ್ಕನೇ ತಲೆಮಾರಿನ ನೆಂಟರಂತೆ. ಟೆಕ್ಸಾಸಿನ ದಂತವೈದ್ಯ, ಸಿಂಗಪುರದ ಬ್ಯಾಂಕಿನವಳು. ಇದರಲ್ಲಿ ಆಶ್ಚರ್ಯವಿಲ್ಲ. ಹೈದರಾಬಾದಿನ ಸಿಸಿಎಂಬಿ ಸಂಸ್ಥೆಯ ಕುಮಾರಸಾಮಿ ತಂಗರಾಜ್, ಲಾಲ್‌ಜಿ ಸಿಂಗ್ ಹಾಗೂ ಅಮೆರಿಕದ ಡೇವಿಡ್ ರೈಕ್ ಮೊದಲಾದವರು 2009ರಿಂದ ಹೇಳುತ್ತ ಬಂದಿರುವುದು ಇದನ್ನೇ. ಭಾರತದ ಜನರೆಲ್ಲ ಹಿಂದೆ ಬೆರೆತವರೇ. ಸುಮಾರು 4,200 ವರ್ಷಗಳ ಹಿಂದಿನಿಂದ 1,900 ವರ್ಷಗಳ ಹಿಂದಿನವರೆಗೂ ಧಾರಾಳವಾಗಿ ಬೆರೆತರು, ಆಮೇಲೆ ಬಾಗಿಲು ಹಾಕಿಕೊಂಡು ತಂತಮ್ಮೊಳಗೇ ಕೊಟ್ಟು ತಂದರು. 2017ರ ಇನ್ನೊಂದು ಅಧ್ಯಯನದಲ್ಲಿ ದಕ್ಷಿಣ ಏಷ್ಯಾದ 263 ಸಮುದಾಯಗಳ ಪೈಕಿ 81 ಸಮುದಾಯಗಳು ಫಿನ್ಲೆಂಡಿನವರಿಗಿಂತಲೂ ಬಿಗಿಯಾಗಿ ಒಳಗೊಳಗೇ ಹೆಣೆದುಕೊಂಡವು ಎಂದು ಕಂಡಿತು. ಎರಡು ಸಾವಿರ ವರ್ಷ ಒಂದೇ ಬೀದಿಯಲ್ಲಿ ಗಂಡು ಹುಡುಕಿದರೆ ದಂತವೈದ್ಯನೂ ನೆಂಟನೇ ಆಗಬೇಕು.

ಅಮ್ಮನಿಗೆ ಈ ಪಟ್ಟಿ ಭಾರೀ ಮೆಚ್ಚುಗೆಯಾಯಿತು. ದಿನಾ ಮಧ್ಯಾಹ್ನ ಐಪ್ಯಾಡ್ ಹಿಡಿದು ಕೂರತೊಡಗಿದಳು. ಏನು ನೋಡುತ್ತಿದ್ದಾಳೆಂದು ನಮಗೆ ಹೊಳೆಯುವಷ್ಟರಲ್ಲಿ ಮೊಮ್ಮಗಳಿಗೆ ಮೂವರು ವರಗಳನ್ನು ಆರಿಸಿಯಾಗಿತ್ತು. “ಎಲ್ಲ ನಮ್ಮೋರೇ. ಕಂಪನಿಯೋರೇ ಬರ್ದಿದ್ದಾರೆ. ವಿಚಾರಿಸೋ ಕೆಲಸ ಇಲ್ಲ.” ಇದು ಮದುವೆಯಾಗಬಾರದವರ ಪಟ್ಟಿ ಅಜ್ಜೀ ಎಂದು ಮೊಮ್ಮಗಳು ತಲೆ ಚಚ್ಚಿಕೊಂಡಳು. ಅಮ್ಮ ಒಪ್ಪಲಿಲ್ಲ. ಮದುವೆಯಾಗಬಾರದವರನ್ನು ಹೇಳುವುದು ಬೆಡಗು, ಉಗುಳಲ್ಲ. ಬೆಡಗು ಅಪ್ಪನಿಂದ ಮಗನಿಗೆ ಹೋಗುತ್ತದೆ, ವಿಜ್ಞಾನಿಗಳ ವೈ ಕ್ರೋಮೋಸೋಮಿನ ಹಾಗೆ. ಅಕ್ಕನ ಮಗಳ ಬೆಡಗು ಬೇರೆ, ಆದ್ದರಿಂದ ನಾಲ್ಕಾಣೆ ರಕ್ತ ಹಂಚಿಕೊಂಡಿದ್ದರೂ ತಾಳಿ ಕಟ್ಟಬಹುದು. ಹೊಳಲ್ಕೆರೆ ಆಚೆಗೆಲ್ಲೋ ಇರುವ, ಪಟ್ಟಿಯ ಯಾವ ಮೂಲೆಯಲ್ಲೂ ಸಿಗದ ಒಂದೇ ಬೆಡಗಿನವನು ಮಾತ್ರ ಅಣ್ಣತಮ್ಮ, ಅವನ ಕಡೆ ಕಣ್ಣೆತ್ತಿಯೂ ನೋಡುವಂತಿಲ್ಲ. ತಾಯಿಯ ಕಡೆಯ ಲೆಕ್ಕವನ್ನು ಬೆಡಗು ಇಟ್ಟೇ ಇಲ್ಲ.

ತಾಯಿಯ ಕಡೆಯ ಲೆಕ್ಕವನ್ನು ನಮ್ಮಲ್ಲಿ ಯಾರು ಇಟ್ಟಿದ್ದಾರೆ ಹೇಳಿ? ಹೆಳವರ ಪುಸ್ತಕವನ್ನೇ ತೆಗೆದುಕೊಳ್ಳಿ. ಹೊಸ ತಲೆಮಾರಿನವರಿಗೆ ಗೊತ್ತಿರಲಿಕ್ಕಿಲ್ಲ. ಹೆಳವರೆಂದರೆ ನಮ್ಮ ನಾಡಿನ ನಡೆದಾಡುವ ವಂಶಾವಳಿ ಕಚೇರಿ. ಕೆಲವು ವರ್ಷಕ್ಕೊಮ್ಮೆ ಸಿಂಗರಿಸಿದ ಎತ್ತಿನ ಮೇಲೆ ಕಾಲು ಮುಚ್ಚಿಕೊಂಡು ಕೂತು, ಗಂಟೆ ಬಾರಿಸುತ್ತ ಮನೆ ಮುಂದೆ ಬಂದು ನಿಲ್ಲುತ್ತಿದ್ದರು. ಎತ್ತಿನಿಂದಿಳಿಯದೆ, ನಿಮ್ಮ ಮೂಲಪುರುಷ ಯಾರು, ಎಲ್ಲಿಂದ ಬಂದ, ಅವನ ಮಕ್ಕಳೆಷ್ಟು, ಯಾರು ಯಾವ ಊರಿಗೆ ಒಡೆದು ಹೋದರು ಎಂದು ರಾಗವಾಗಿ ಒಪ್ಪಿಸುತ್ತಿದ್ದರು. ತಾಮ್ರಪಟ, ಓಲೆಗರಿಗಳ ಕಾಲ ಹೋಗಿ ಉದ್ದನೆಯ ಪುಸ್ತಕ ಬಂದಿತ್ತು. ಹೊಸದಾಗಿ ಹುಟ್ಟಿದ ಗಂಡುಮಕ್ಕಳ ಹೆಸರು ಬರೆದುಕೊಂಡು ದವಸ, ಬಟ್ಟೆ, ದುಡ್ಡು, ಅನುಕೂಲವಂತರ ಮನೆಯಾದರೆ ಕರುವನ್ನೋ ಕುರಿಯನ್ನೋ ಕೇಳಿ ಪಡೆದು ಹೋಗುತ್ತಿದ್ದರು. ಕಡಿಮೆ ಕೊಟ್ಟ ಮನೆಯ ಮೂಲಪುರುಷ ಮುಂದಿನ ಸಲ ಸ್ವಲ್ಪ ಸಣ್ಣವನಾಗುತ್ತಿದ್ದನೆಂದು ಊರಲ್ಲೊಂದು ಗುಮಾನಿ.

ಪುಕ್ಕಟೆಯಾಗಿ ಯಾರೂ ಇನ್ನೊಬ್ಬರ ಅಜ್ಜನ ಹೆಸರು ನೆನಪಿಟ್ಟುಕೊಳ್ಳುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಹರಿದ್ವಾರದ ತೀರ್ಥಪುರೋಹಿತರಾದ ಪಂಡರ ಬಹಿಗಳನ್ನು, ಅಂದರೆ ವಂಶಾವಳಿ ಪುಸ್ತಕಗಳನ್ನು, ಅಮೆರಿಕದ ಉಟಾ ರಾಜ್ಯದ ಮೋರ್ಮನ್ ಪಂಥದ ವಂಶಾವಳಿ ಸಂಘದವರು ಬಂದು ಮೈಕ್ರೋಫಿಲ್ಮ್ ಮಾಡಿಕೊಂಡು ಹೋದರು. ತೀರಿಹೋದ ಹಿರಿಯರನ್ನು ಹುಡುಕಿ ಅವರ ಹೆಸರಿನಲ್ಲಿ ದೀಕ್ಷೆ ನಡೆಸುವುದು ಆ ಪಂಥದವರ ಪದ್ಧತಿ, ಅವರ ವಂಶಾವಳಿಯ ಆಸ್ಥೆ ಬೆಳೆದದ್ದೇ ಅದರಿಂದ. ಪಂಡರಿಗೆ ದಕ್ಷಿಣೆ, ಹೆಳವರಿಗೆ ಕರು, ಡಿಎನ್‌ಎ ಕಂಪನಿಗೆ ಲಕ್ಷಾಂತರ ಜನರ ಮಾಹಿತಿ. 23ಆಂಡ್‌ಮಿಯ ಆ ಮಾಹಿತಿಗೆ 2023ರಲ್ಲಿ ಕಳ್ಳರು ಕನ್ನ ಹಾಕಿ ಸುಮಾರು 69 ಲಕ್ಷ ಜನರ ವಿವರ ದೋಚಿದರು. 2025ರ ಮಾರ್ಚಿನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ನಾವು ಉಗುಳಿದ್ದು ಬೇರೆ ಕಂಪನಿಗೆ, ಆದರೂ ದೊಡ್ಡಪ್ಪನಿಗೆ ಈ ಸುದ್ದಿ ಬಹಳ ಹಿಡಿಸಿತು. ಮಂಡಿ ದಿವಾಳಿಯೆದ್ದಾಗ ಏನಾಗುತ್ತದೆಂದು ಅವರಿಗೆ ಯಾರೂ ಹೇಳಬೇಕಿಲ್ಲ.

“ಮಂಡಿ ಮುಳುಗಿದ್ರೆ ಗೋದಾಮಿನಾಗಿರೋ ಮಾಲು ಯಾರ್ದು? ರೈತಂದಾ, ಸಾಲ ಕೊಟ್ಟೋನ್ದಾ? ಈ ಉಗುಳು ಯಾರ ಪಾಲಿಗೆ ಬಂತು?”

ಕಂಪನಿ ಕಟ್ಟಿದ ಆನ್ ವೊಜ್ಸಿಕಿಯೇ ಒಂದು ಲಾಭರಹಿತ ಸಂಸ್ಥೆಯ ಹೆಸರಿನಲ್ಲಿ ಜುಲೈನಲ್ಲಿ ಅದನ್ನೆಲ್ಲ 30.5 ಕೋಟಿ ಡಾಲರಿಗೆ ಕೊಂಡರು ಎಂದೆ.

“ನೋಡ್ದಾ, ತನ್ನ ಮಂಡಿನ ತಾನೇ ಹರಾಜಿನಾಗೆ ಹಿಡಿದವ್ಳೆ. ಶಾಣ್ಯಾ ಹೆಣ್ಣುಮಗಳು.”

ಇಷ್ಟು ಹೇಳಿದ ದೊಡ್ಡಪ್ಪನೇ ಒಂದು ದಿನ ದನಿ ತಗ್ಗಿಸಿ ಕೇಳಿದರು. “ಅಲ್ಲವ್ವಾ, ಈ ಉಗುಳು ಕೋರ್ಟಿನಾಗೆ ನಡೀತದಾ?” 2012ರಲ್ಲಿ ದೆಹಲಿ ಹೈಕೋರ್ಟು ಒಬ್ಬ ಹಿರಿಯ ರಾಜಕಾರಣಿಯ ರಕ್ತ ತೆಗೆಸಿ, ಮಗನೆಂದು ಬಂದವನು ಮಗನೇ ಎಂದು ಸಾರಿದ್ದನ್ನು ಟಿವಿಯಲ್ಲಿ ನೋಡಿದವರು ಅವರು. ದೊಡ್ಡಪ್ಪನಿಗೆ ಹುಟ್ಟಿನ ಚಿಂತೆಯಿಲ್ಲ, ಪಾಲಿನ ಚಿಂತೆ. ಏಕೆಂದರೆ ಆ ಹೊತ್ತಿಗೆ ಅವರ ಕೈಯಲ್ಲಿ ಬೇರೊಂದು ಮರವಿತ್ತು. ನಾಡಕಚೇರಿಯ ವಂಶವೃಕ್ಷ.

ಈ ಕಾಗದದ ಮಹಿಮೆ ಜಮೀನಿದ್ದವರಿಗೆಲ್ಲ ಗೊತ್ತು. ಹಿರಿಯರು ತೀರಿಕೊಂಡು ಪೌತಿ ಖಾತೆ ಆಗಬೇಕಾದರೆ ವಾರಸುದಾರರ ಮರವೊಂದನ್ನು ಬರೆದು, ಅಫಿಡವಿಟ್ ಮಾಡಿಸಿ, ಗ್ರಾಮ ಆಡಳಿತಾಧಿಕಾರಿಯಿಂದ ಮಹಜರು ಆಗಿ ಬರಬೇಕು. ಇದರಲ್ಲಿ ಕೊಂಬೆ ಕತ್ತರಿಸುವುದೇ ಒಂದು ಕಲೆ. ಮದುವೆಯಾಗಿ ಹೋದ ಹೆಣ್ಣುಮಕ್ಕಳು ಹುಟ್ಟಿಯೇ ಇಲ್ಲದಂತೆ ಬರೆದ ಮರಗಳು ನಮ್ಮ ಜಿಲ್ಲೆಯಲ್ಲಿ ಅಡಿಕೆ ಮರಗಳಷ್ಟೇ ನೇರವಾಗಿ ನಿಂತಿವೆ. ಒಂದೂ ಕವಲಿಲ್ಲ. ಭೈರಪ್ಪನವರ ‘ವಂಶವೃಕ್ಷ’ 1965ರಲ್ಲಿ ಬಂದಾಗ ಜನ ಬೆಚ್ಚಿದ್ದು ಶ್ರೋತ್ರಿಗಳ ಹುಟ್ಟಿನ ಗುಟ್ಟಿಗೆ. ನನಗೆ ನೆನಪಿನಲ್ಲಿ ಉಳಿದದ್ದು ಆ ಗುಟ್ಟಿನ ಹಿಂದಿದ್ದ ಹಟ. ಆಸ್ತಿ ದಾಯಾದಿಗೆ ಹೋಗಬಾರದು ಎಂಬುದೇ ಅಲ್ಲಿಯೂ ಮೂಲ. ಡಿಎನ್‌ಎ ಡಬ್ಬಿ ಆಗಲೇ ಸಿಕ್ಕಿದ್ದಿದ್ದರೆ ಕಾದಂಬರಿ ನಲವತ್ತು ಪುಟಕ್ಕೆ ಮುಗಿಯುತ್ತಿತ್ತು.

ದೊಡ್ಡಪ್ಪ ಕಳಿಸಿದ ಮರ ವಾಟ್ಸಾಪಿನಲ್ಲಿ ಬಂತು. ಮೇಲೆ ಮಂಡಿಯಜ್ಜ. ಕೆಳಗೆ ಮೂವರು ಗಂಡುಮಕ್ಕಳು: ದೊಡ್ಡಪ್ಪ, ನನ್ನ ಅಪ್ಪ, ಚಿಕ್ಕಪ್ಪ. ಅಪ್ಪನ ಪಾಲಿನ ವಾರಸುದಾರಳಾಗಿ ಅಮ್ಮ ಸಹಿ ಹಾಕಬೇಕು. ಬಹಳ ಅಚ್ಚುಕಟ್ಟಾಗಿತ್ತು. ಮಗಳು ಅದನ್ನು ತನ್ನ ಕಂಪ್ಯೂಟರಿನ ಮರದ ಪಕ್ಕದಲ್ಲಿಟ್ಟು ನೋಡಿದಳು.

“ದೊಡ್ಡಜ್ಜ, ಒಬ್ಬರು ಬಿಟ್ಟುಹೋಗಿದ್ದಾರೆ.”

“ಯಾರವ್ವಾ?”

“ನಿಮ್ಮ ಅಕ್ಕ. ಅಜ್ಜಿಯ ಅಮ್ಮ.”

ಆ ಕಡೆ ದನಿ ಇಲ್ಲ. ನೆಟ್‌ವರ್ಕ್ ಹೋಯಿತೇನೋ ಎಂದುಕೊಂಡೆವು. ಹಿಂದೆ ಲಾರಿಯ ಹಾರ್ನ್ ಮಾತ್ರ ಕೇಳಿಸಿತು. ಆಮೇಲೆ ದೊಡ್ಡಪ್ಪ, ಅಕ್ಕ ಯಾವತ್ತೋ ಹೋದಳು, ಅವಳಿಗೆ ಮದುವೆಯಲ್ಲೇ ಎಲ್ಲ ಕೊಟ್ಟಾಗಿತ್ತು, ಹೆಳವನ ಪುಸ್ತಕದಲ್ಲೂ ಅವಳ ಹೆಸರಿಲ್ಲ, ಬೇಕಾದರೆ ತೆಗೆಸಿ ನೋಡು ಎಂದರು. ಮಗಳು ಇಂಟರ್‌ನೆಟ್ಟಿನಲ್ಲಿ ಓದಿದ್ದನ್ನು ಗಿಳಿಯಂತೆ ಒಪ್ಪಿಸಿದಳು. ಕರ್ನಾಟಕ 1994ರಲ್ಲೇ ಹೆಣ್ಣುಮಕ್ಕಳನ್ನು ಪಿತ್ರಾರ್ಜಿತದ ಪಾಲಿಗೆ ಸೇರಿಸಿತು, ಕೇಂದ್ರ 2005ರಲ್ಲಿ ಸೇರಿಸಿತು, 2020ರಲ್ಲಿ ಸುಪ್ರೀಂ ಕೋರ್ಟು ಹುಟ್ಟಿನಿಂದಲೇ ಹಕ್ಕು ಎಂದಿತು. ಅದು ಬಿಟ್ಟರೂ ತಂದೆಯ ಸ್ವಂತ ಪಾಲಿನಲ್ಲಿ ಮಗಳಿಗೆ 1956ರಿಂದಲೂ ಹಕ್ಕಿದೆ. ಅಕ್ಕನ ಪಾಲು ಎಷ್ಟೆಂಬುದು ವಕೀಲರ ಲೆಕ್ಕ, ಆದರೆ ಅದು ಎಷ್ಟಿದ್ದರೂ ಅವಳ ಮಕ್ಕಳಿಗೆ ಇಳಿಯುತ್ತದೆ. ಅಂದರೆ ಅಮ್ಮನಿಗೂ ಚಿಕ್ಕಮ್ಮನಿಗೂ. ಗಂಡನ ಪಾಲು ಒಂದು ಕಡೆಯಿಂದ, ತಾಯಿಯ ಪಾಲು ಇನ್ನೊಂದು ಕಡೆಯಿಂದ. ತೋಟ ಹೊರಗೆ ಹೋಗಬಾರದೆಂದು ಮಾಡಿದ ಎರಡು ಮದುವೆಗಳು ಅಕ್ಕತಂಗಿಯರಿಬ್ಬರಿಗೂ ಎರಡೆರಡು ಬಾಗಿಲು ತೆರೆದಿಟ್ಟಿದ್ದವು.

“ಆ ಹುಡುಗಿಗೆ ಮರ ಬರೆಯೋದು ಸಾಕು ಅಂತ ಹೇಳವ್ವ, ಓದೋದಿಲ್ವೇನು ಅವಳಿಗೆ?” ಎಂದರು ದೊಡ್ಡಪ್ಪ.

ಅಮ್ಮ ಅಲ್ಲೇ ಸೋಫಾದ ಮೇಲೆ ಕೂತು ಎಲೆಯ ನಾರು ತೆಗೆಯುತ್ತಿದ್ದವಳು, ಮೊಮ್ಮಗಳ ಕೈಯಿಂದ ಫೋನ್ ತೆಗೆದುಕೊಂಡಳು. ಆರೋಗ್ಯ ವಿಚಾರಿಸಿದಳು. ಮಂಡಿನೋವು ಹೇಗಿದೆ, ಎಣ್ಣೆ ಹಚ್ಚುತ್ತಿದ್ದೀರಾ ಎಂದಳು. ಕೆರೆಗೆ ಈ ಸಲ ನೀರು ಬಂತಾ ಎಂದಳು. ಸೊಸೆ ಮಾತಾಡಿಸಿದ್ದಕ್ಕೆ ದೊಡ್ಡಪ್ಪನ ದನಿಯೂ ಸ್ವಲ್ಪ ಮೆತ್ತಗಾಯಿತು, ಸಹಿ ಹಾಕಿದ ಕಾಗದ ಯಾವಾಗ ಕೊರಿಯರ್ ಮಾಡುತ್ತೀ ಎಂದರು.

“ಹಾಕಾನ, ಅದಕ್ಕೇನು ಅವಸರ” ಎಂದು ಅಮ್ಮ ಎಲೆ ಮಡಿಚಿ ದವಡೆಗಿಟ್ಟುಕೊಂಡಳು. “ಏರಿ ಕೆಳಗಿನ ತೋಟದಾಗೆ ಈಗ ಒಟ್ಟು ಎಷ್ಟು ಮರ ಅದಾವೆ ಮಾವ?”